ನಿಪ್ಪಾಣಿಯ ಸ್ಪ್ಯಾನಿಷ್ ನೀಲಮ

ನಮ್ಮ ಓಣ್ಯಾಗ ಆಕಿಗೆ "ಸ್ಪ್ಯಾನಿಷ್ ನೀಲಮ" ಅಂತಾರ. ಮೊದಲ ಚ್ಯಾಷ್ಟಿಗೆ ಅಂತಿದ್ರು, ಈಗ ಮರ್ಯಾದಿಗೆ ಅಂತಾರ. ಚ್ಯಾಷ್ಟಿ ಮಾಡಿದವರ ಹೆಸರೆಲ್ಲಾ ನನಗ ನೆನಪೈತಿ. ಆದ್ರ ಈಗ ಅವರೇ ಬಂದು "ನೀಲಮಕ್ಕ ಅದಾರೇನ್ರಿ?" ಅಂತ ಬಾಗಲದಾಗ ನಿಂದರ್ತಾರ, ಅದಕ್ಕ ಬಾಯಿ ಮುಚ್ಚಿಕೊಂಡೀನಿ.

ನಾ ಸುಂದರಾ, ಆಕಿ ಸ್ವಾದರತ್ತಿ. ಆಕಿ ನನಗ ಮರಾಠಿ ಮಂದಿ ಹಂಗ "ಆತ್ಯಾ" ಅಂತಾಳ. ನನ್ನ ಅಣ್ಣ, ಹೆಸರು ಸಮಾಧಾನ, ರಾಯಬಾಗದಾಗ ಒಂದು ಸಾಲ್ಯಾಗ ಸಿಪಾಯಿ. ಮಗಳು ಕಾಲೇಜ್ ಕಲೀಲಿ ಅಂತ ನಿಪ್ಪಾಣಿಗೆ ತಂದು ನನ್ನ ಮನ್ಯಾಗ ಬಿಟ್ಟ. ನನಗ ಗಂಡ ಇಲ್ಲ, ಮಕ್ಕಳಿಲ್ಲ. ತೊಡಿ ಮ್ಯಾಲ ಬೀಡಿ ಕಟ್ಟೂ ಮೊರ, ಅದರ ಮ್ಯಾಲ ಈ ಬಾಯಿ, ಇಷ್ಟ ನನ್ನ ಸಂಸಾರ. ಹುಡುಗಿ ಬಂದ ಮ್ಯಾಲ ಮನ್ಯಾಗ ಬೈಯಾಕಾದರೂ ಒಂದು ಜೀವ ಆತು.

ಆಕಿ ಕಾಲೇಜ್ ಮುಗಿಸಿದ ವರ್ಷ, 2004ರಾಗ, ಕೊಲ್ಲಾಪುರದಾಗ ಒಂದು ಹೊಸ ಆಫೀಸ್ ತಗದ್ರು. ಮಶೀನ್ ಕೊಂಡ್ರ ಜೋಡಿಗೆ ಒಂದು ಪುಸ್ತಕ ಬರ್ತೈತಲ್ಲ, ಹೆಂಗ ನಡಸೂದು, ಕೆಟ್ರ ಏನ ಮಾಡೂದು ಅಂತ, ಅಂಥಾ ಪುಸ್ತಕ ಇಂಗ್ಲಿಷ್‌ನಿಂದ ಬ್ಯಾರೆ ದೇಶದ ಭಾಷೆಗೆ ಮಾಡೂ ಆಫೀಸ್. ಪುಣೆಯಿಂದ ಒಬ್ಬಾಕಿ ಟೀಚರ್ ಬಂದು ಕೆಲಸಕ್ಕ ಸೇರಿದ ಹುಡುಗ್ಯಾರಿಗೆ ಸ್ಪ್ಯಾನಿಷ್ ಕಲಿಸಿದ್ಳು. ಎರಡ ವರ್ಷಕ್ಕ ಆಫೀಸ್ ಬಾಗಲಾ ಹಾಕ್ತು. ಉಳಿದ ಹುಡುಗ್ಯಾರು ಮದಿವ್ಯಾಗಿ ಹೋದ್ರು, ಬ್ಯಾಂಕಿನ ಪರೀಕ್ಷಾ ಬರದ್ರು, ಸ್ಪ್ಯಾನಿಷ್ ಮರತ್ರು. ನಮ್ಮಾಕಿ ಬಿಡಲಿಲ್ಲ. ನಮ್ಮ ಓಣ್ಯಾಗಿನ ಜ್ಞಾನದೇವನ ಸೈಬರ್ ಕೆಫೇದಾಗ ಕುಂತು ಇಂಟರ್‌ನೆಟ್‌ನ್ಯಾಗ ಅದೇ ಕೆಲಸ ಹುಡಿಕ್ಕೊಂಡ್ಳು. ಮುಂದ ಮನಿಗೇ ಒಂದು ಹಳೇ ಕಂಪ್ಯೂಟರ್ ಬಂತು. ನಾ ಈ ಗ್ವಾಡಿಗೆ ಕುಂತು ಬೀಡಿ ಕಟ್ಟೂದು, ಆಕಿ ಆ ಗ್ವಾಡಿಗೆ ಕುಂತು ಟಕಾಟಕಾ ಬಡಿಯೂದು.

ಈ ಇಂಗ್ಲಿಷ್ ಭಾಳ ಜುಗ್ಗ ಭಾಷೆ ನೋಡ್ರಿ. ಒಂದ ಶಬ್ದ ಇಟ್ಟುಕೊಂಡು ನಾಕ ಕೆಲಸ ತಗೀತಾರ. ಲೈಟ್ ಅಂದ್ರ ದೀಪಾನೂ ಹೌದಂತ, ಹಗೂರ ಇದ್ದದ್ದೂ ಹೌದಂತ, ತಿಳಿ ಬಣ್ಣಾನೂ ಹೌದಂತ. ಸ್ಪ್ಯಾನಿಷ್‌ನ್ಯಾಗ ಹಂಗ ನಡಿಯಂಗಿಲ್ಲ. ದೀಪಕ್ಕ ಲೂಸ್, ಹಗೂರಕ್ಕ ಲಿಹೇರೊ, ತಿಳಿ ಬಣ್ಣಕ್ಕ ಕ್ಲಾರೊ. ಕೇಳಿ ಕೇಳಿ ನನಗೂ ಬಾಯಿಪಾಠ ಆಗ್ಯಾವ. ಒಮ್ಮೆ ಬಾವಿ ಪಂಪಿನ ಪುಸ್ತಕ ಬಂದಿತ್ತು. ಅದರಾಗ "ಸ್ಪ್ರಿಂಗ್" ಅಂತ ಒಂದು ಶಬ್ದ. ಸುರಳಿ ಸುತ್ತಿದ ತಂತಿನೋ, ನೆಲದಾಗಿನ ನೀರಿನ ಸೆಲಿನೋ, ವಸಂತ ಋತುನೋ ಅಂತ ಎರಡ ದಿನ ಒದ್ದಾಡಿದ್ಳು.

"ಪಂಪಿನ್ಯಾಗ ಋತು ಎಲ್ಲಿಂದ ಬಂತ ಬೇ, ಹುಚ್ಚಿ?" ಅಂದ್ನಿ.

"ಚಳಿಗಾಲ ಮುಗದ ಮ್ಯಾಲ ಎಣ್ಣಿ ಹಾಕ್ರಿ ಅಂತ ಬರದಿದ್ರ, ಆತ್ಯಾ?"

ಕಡೀಕ ಕಂಪನಿಯವರಿಗೇ ಕೇಳಿ, ಅವರು ಹೇಳಿದ ಮ್ಯಾಲೇ ಬರದ್ಳು. ಕೇಳಲಾರದ ಒಂದ ಶಬ್ದ ಮುಂದ ಕಳಸೂ ಪೈಕಿ ಅಲ್ಲ ಆಕಿ. ಈಗ ಕಂಪ್ಯೂಟರೇ ಎಲ್ಲಾ ಮಾಡಿ ಕೊಡ್ತೈತಲ್ಲ ಅಂತ ಜ್ಞಾನದೇವ ಅಂದ್ರ ಆಕಿ ನಗ್ತಾಳ. "ಮಾಡ್ತೈತಿ, ಆದ್ರ ನಾಚಿಕಿಲ್ಲ ಅದಕ್ಕ, ತಿಳೀಲಿಲ್ಲ ಅಂತ ಒಮ್ಮೆರ ಅನ್ನಂಗಿಲ್ಲ" ಅಂತಾಳ.

ಆಕಿಗೆ ಒಂದ ಕೊರಗಿತ್ತು. ಹತ್ತ ವರ್ಷ ಆದ್ರೂ ಒಬ್ಬ ಸ್ಪ್ಯಾನಿಷ್ ಮನಷ್ಯಾನ ಜೋಡಿ ಬಾಯಿ ಬಿಟ್ಟು ಮಾತಾಡಿದ್ದಿಲ್ಲ. ಬರದದ್ದು ಎಲ್ಲೋ ಹೋಗ್ತಿತ್ತು, ಯಾರ ಓದ್ತಿದ್ರೋ ಏನೋ. ಊಟಕ್ಕ ಕುಂತಾಗ ಒಮ್ಮೊಮ್ಮೆ ತುತ್ತು ಕೈಯಾಗ ಹಿಡದು ಅಂತಿದ್ಳು, "ಆತ್ಯಾ, ನಂಗ ಬರೂದು ಖರೇನ ಭಾಷೇನೋ, ಪುಸ್ತಕದಾಗಷ್ಟ ನಡೀತೈತೋ? ಒಂದ ಜೀವಂತ ಮನಷ್ಯಾಗ ಇದು ತಿಳೀತೈತೋ ಇಲ್ಲೋ, ಹೆಂಗ ಗೊತ್ತಾಗಬೇಕು?"

"ಮೊದಲ ಉಣ್ಣ ಬೇ, ಸಾರು ಆರತೈತಿ" ಅಂತಿದ್ನಿ. ಮತ್ತೇನ ಹೇಳಬೇಕಿತ್ತು ನಾನು?

2014ರ ಚಳಿಗಾಲದಾಗ ಒಂದು ಮಧ್ಯಾಹ್ನ ಜ್ಞಾನದೇವ ಉಸಿರಗಟ್ಟಿ ಓಡಿ ಬಂದ. "ನೀಲಮಕ್ಕ, ಡಾಕ್ಟರ್ ಧರಣೇಂದ್ರ ಕರದಾರ, ಲಗೂನ ಬರ್ರಿ!" ಸೈಕಲ್ ಮ್ಯಾಲ ದೇಶ ತಿರಗೂ ಫಾರಿನ್ ಗಂಡಾ ಹೆಂಡ್ತಿ ಹೈವೇದ ಮ್ಯಾಲ ಬರಾಕತ್ತಿದ್ರಂತ. ಗಂಡಗ ಹೊಟ್ಟಿ ಬ್ಯಾನಿ ಎದ್ದು ರಸ್ತೇದ ಬಾಜೂಕ ಬಿದ್ದಾನ. ಲಾರಿಯವರು ಎತ್ತಿ ಡಾಕ್ಟರ್ ದವಾಖಾನಿಗೆ ತಂದು ಹಾಕ್ಯಾರ. ಇಂಗ್ಲಿಷ್ ಬರೂದು ಗಂಡಗ, ಅವಗ ಎಚ್ಚರಿಲ್ಲ. ಹೆಂಡ್ತಿಗೆ ಸ್ಪ್ಯಾನಿಷ್ ಬಿಟ್ಟು ಮತ್ತೊಂದು ಬರಂಗಿಲ್ಲ. ಇಡೀ ತಾಲೂಕಿನ್ಯಾಗ ಸ್ಪ್ಯಾನಿಷ್ ಬರೂದು ನಮ್ಮ ಮನ್ಯಾಗ ಮಾತ್ರ.

ನೀಲಮ ಎದ್ದು ನಿಂತ್ಳು, ಮತ್ತ ಕುಂತ್ಳು. "ಆತ್ಯಾ, ನಂಗ ಮಾತಾಡಾಕ ಬರದಿದ್ರ?" ಅಂದ್ಳು. ಮುಖ ಸುಣ್ಣ ಹಚ್ಚಿದಂಗಾಗಿತ್ತು.

"ಬರದಿದ್ರ ಮನಿಗೆ ಬರೂಣು. ಏಳ್, ಚಪ್ಪಲ್ ಹಾಕೊ!" ಅಂತ ನಾನೂ ಹೊಂಟ್ನಿ. ನನ್ನ ಯಾರೂ ಕರದಿದ್ದಿಲ್ಲ ಖರೆ, ಆದ್ರ ಹುಡುಗೀನ ಒಬ್ಬಾಕಿನ್ನ ಕಳಸೂ ಪೈಕಿ ನಾನಲ್ಲ.

ದವಾಖಾನಿ ಬೆಂಚಿನ ಮ್ಯಾಲ ಆ ಹೆಣಮಗಳು ಕುಂತಿದ್ಳು. ಲೂರ್ದೆಸ್ ಅಂತ ಹೆಸರು. ನನ್ನ ವಯಸ್ಸಿನಾಕಿ, ಐವತ್ತ ದಾಟಿರಬೇಕು. ಮೊಣಕಾಲ ತನಾ ಚಡ್ಡಿ ಹಾಕ್ಕೊಂಡು, ಮಣ್ಣ ಹತ್ತಿದ ಕೈಯಾಗ ಗಂಡನ ಕನ್ನಡಕ ಹಿಡಕೊಂಡಿದ್ಳು. ನೀಲಮ ಒಳಗ ಡಾಕ್ಟರ್ ಹತ್ರ ಹೋದ್ಳು, ನಾ ಬಾಗಲದಾಗ ನಿಂತ್ನಿ. ಡಾಕ್ಟರ್ ಧರಣೇಂದ್ರ ಶೇಡಬಾಳದವರು, ನಮ್ಮ ಜೋಡಿ ಕನ್ನಡಾನೇ ಮಾತಾಡ್ತಾರ. ಆದ್ರ ನೀಲಮ, "ಸರ್, ಇಂಗ್ಲಿಷ್‌ನ್ಯಾಗ ಹೇಳ್ರಿ. ಕನ್ನಡದಿಂದ ಸ್ಪ್ಯಾನಿಷ್‌ಗೆ ನಾ ಎಂದೂ ಹೋಗಿಲ್ಲ. ಇಂಗ್ಲಿಷ್ ಮ್ಯಾಲೇ ಹಾದು ಹೋಗಬೇಕು" ಅಂದ್ಳು.

ಅವರು ಗಡಬಡಿ ಒಳಗ ಹೇಳಾಕತ್ರು. ಈಕಿ ಅಲ್ಲೂ ತನ್ನ ಚಾಳಿ ಬಿಡಲಿಲ್ಲ. "ಸರ್, ಡಿಸ್ಚಾರ್ಜ್ ಅಂದ್ರಿ. ಯಾವುದು? ಮನಿಗೆ ಕಳಸೂದೋ, ಕೀವು ಸೋರೂದೋ? ಸ್ಪ್ಯಾನಿಷ್‌ನ್ಯಾಗ ಬ್ಯಾರೆ ಬ್ಯಾರೆ ಅದಾವು. ಬ್ಯಾಟರಿ ಇಳದ್ರೂ ಅದಾ ಶಬ್ದ ಇಂಗ್ಲಿಷ್‌ನ್ಯಾಗ."

"ಏ ತಂಗಿ, ಇಲ್ಲಿ ಮನಷ್ಯಾ ಸಾಯಾಕತ್ತಾನ, ನಿನಗ ಬ್ಯಾಟರಿ ಚಿಂತಿ!" ಅಂತ ಡಾಕ್ಟರ್ ಒದರಿದ್ರು. ಆಮ್ಯಾಲ ತಾವೇ "ಕೀವು" ಅಂದ್ರು. ಕರುಳಿನ ತುದಿಗಿನ ಅಪೆಂಡಿಕ್ಸ್ ಒಡದು ಹೊಟ್ಟಿ ತುಂಬ ಕೀವು ಆಗೈತಿ, ಈಗಿಂದೀಗ ಆಪರೇಶನ್ ಮಾಡಬೇಕು, ಮಾಡಿದ್ರೂ ಉಳೀತಾನಂತ ಹೇಳಾಕ ಬರಂಗಿಲ್ಲ, ಮಾಡದಿದ್ರ ಉಳಿಯೂದೇ ಇಲ್ಲ. ಥಿಯೇಟರ್ ತಯಾರಾಗೂದ್ರೊಳಗ ಹೆಂಡ್ತಿ ಸಹಿ ಬೇಕು. ಇಷ್ಟೂ ತಿಳಕೊಂಡು ನೀಲಮ ಹೊರಗ ಬಂದ್ಳು.

ಬಂದು ಆಕಿ ಬಾಜೂಕ ಕುಂತು ಸ್ಪ್ಯಾನಿಷ್‌ನ್ಯಾಗ ಏನೋ ಅಂದ್ಳು. ಲೂರ್ದೆಸ್ ಗಕ್ಕನ ತಲಿ ಎತ್ತಿ ಈಕಿ ಕೈ ಹಿಡದ್ಳು. "ಏನಂದಿ?" ಅಂತ ಕೇಳಿದ್ನಿ.

"ಸಣ್ಣದೈತಿ, ಡಾಕ್ಟರ್ ನೋಡಾಕತ್ತಾರ, ನೀವು ಮೊದಲ ಏನರ ತಿನ್ರಿ ಅಂದೆ."

"ಬರೋಬ್ಬರಿ ಅಂದಿ" ಅಂದ್ನಿ. ಇವತ್ತೂ ಅಂತೀನಿ. ನಮ್ಮಲ್ಲಿ ಖಾಲಿ ಹೊಟ್ಟಿ ಮ್ಯಾಲ ಯಾರಿಗೂ ಕೆಟ್ಟ ಸುದ್ದಿ ಹೇಳಂಗಿಲ್ಲ. ಮೊದಲ ಎರಡ ತುತ್ತ ತಿನ್ನಸಬೇಕು, ಮಂದಿ ಕೂಡಬೇಕು, ಹಿಂದ ಮುಂದ ಹಿಡಿಯಾಕ ಕೈ ಇರಬೇಕು, ಆಮ್ಯಾಲ ಹೇಳಬೇಕು. ಮನಷ್ಯಾರು ಮನಷ್ಯಾರಿಗೆ ಮಾಡೂದು ಇಷ್ಟ. ಅಷ್ಟೊತ್ತಿಗೆ ಸುದ್ದಿ ಓಣಿಗೂ ಮುಟ್ಟಿತ್ತು. ನಮ್ಮ ಬಾಜೂ ಮನಿ ಭೀಮಾಬಾಯಿ ಭಕ್ರಿ-ಝುಣಕಾ ಕಟ್ಟಿಕೊಂಡು ಬಂದ್ಳು. ಆಕಿ ಹಿಂದ ಬೀಡಿ ಕಟ್ಟೂದು ಬಿಟ್ಟು ನಾಕೈದು ಹೆಣಮಕ್ಕಳು ಬಂದು, ತಲಿ ಮ್ಯಾಲ ಸೆರಗು ಹೊತ್ತು, ಲೂರ್ದೆಸ್ ಸುತ್ತಾ ನೆಲದ ಮ್ಯಾಲ ಕುಂತ್ರು. ಒಬ್ಬಾಕಿ ಬೆನ್ನ ಸವರಾಕತ್ತಿದ್ಳು. ಭೀಮಾಬಾಯಿಗೆ ಕಣ್ಣೀರು ಭಾಳ ಅಗ್ಗ, ಆಕಿ ಮೂಗ ಒರಿಸಿಕೊಂಡ್ಳು.

ಲೂರ್ದೆಸ್ ಒಂದ ತುತ್ತ ಬಾಯಾಗ ಇಟ್ಟಾಕಿ ಅಗಿಯೂದು ಬಿಟ್ಳು. ಎಲ್ಲಾರ ಮುಖ ನೋಡಿದ್ಳು. ಚಟ್ಟನ ಎದ್ದು ನೀಲಮನ ಭುಜಾ ಹಿಡದು ಒಂದ ಮಾತು ಕೇಳಿದ್ಳು. ಭಾಷೆ ತಿಳೀದಿದ್ರೂ ನಮಗೆಲ್ಲಾ ತಿಳೀತು.

"ಸತ್ತಾನೇನು ಅಂತ ಕೇಳಾಕತ್ತಾಳ" ಅಂದ್ಳು ನೀಲಮ.

"ಇಲ್ಲಂತ ಹೇಳ ಬೇ! ಲಗೂನ ಹೇಳ!"

ಹೇಳಿದ್ಳು. ಆಕಿ ನಂಬಲಿಲ್ಲ. ಹೆಂಗ ನಂಬಬೇಕು? ಒಂದ ಬಾಯಿ ಸಣ್ಣದೈತಿ ಅಂತೈತಿ, ಆರ ಮಂದಿ ಸೆರಗು ಹೊತ್ತು ಅಳಾಕತ್ತಾರ. ಅಷ್ಟರಾಗ ಡಾಕ್ಟರ್ ಹೊರಗ ಬಂದು "ಸಹಿ ಆತೇನು?" ಅಂದ್ರು. ನೀಲಮ ಈಗ ಖರೇದು ಹೇಳಾಕ ಹೋದ್ಳು. ಪ್ರತಿ ಮಾತಿಗೂ ಲೂರ್ದೆಸ್ ಈಕಿನ್ನ ಬಿಟ್ಟು ಡಾಕ್ಟರ್ ಮುಖಾನೇ ನೋಡ್ತಿದ್ಳು, ಈಕಿ ಮತ್ತ ಸುಳ್ಳ ಹೇಳಾಕತ್ತಾಳೇನು ಅಂತ. ಕಡೀಕ ತಲಿ ಅಳ್ಳಾಡಿಸಿದ್ಳು. ಸಹಿ ಮಾಡಂಗಿಲ್ಲ, ಗಂಡನ್ನ ಕೊಲ್ಲಾಪುರಕ್ಕ ಒಯ್ತೀನಿ, ಇಲ್ಲಿ ಯಾರ ಮಾತೂ ನಂಬಂಗಿಲ್ಲ ಅಂದ್ಳಂತ.

"ಒಯ್ದ್ರ ದಾರ್ಯಾಗ ಮುಗೀತೈತಿ" ಅಂದ್ರು ಡಾಕ್ಟರ್. ಸಿಟ್ಟಿನಿಂದಲ್ಲ, ಮೆಲ್ಲಕ ಅಂದ್ರು. ಅದನ್ನ ಕೇಳಿ ನಾ ದೇವರಿಗೆ ಕೈ ಮುಗದ್ನಿ. ಆ ಮನಷ್ಯಾ ನಮ್ಮ ಬಂಧು ಅಲ್ಲ ಬಳಗ ಅಲ್ಲ, ಆದ್ರ ಜೀವ ಜೀವಾನೇ ಅಲ್ರಿ?

ನೀಲಮ ಲೂರ್ದೆಸಳ ಎದುರಿಗೆ ನೆಲದ ಮ್ಯಾಲ ಕುಂತು, ಆಕಿ ಎರಡೂ ಕೈ ಹಿಡದು, ಡಾಕ್ಟರ್ "ದಾರ್ಯಾಗ ಮುಗೀತೈತಿ" ಅಂದದ್ದನ್ನ ಹಂಗ ಹೇಳಿದ್ಳು. ಡಾಕ್ಟರ್ ನರ್ಸಿಗೆ "ಇನ್ನ ಎಷ್ಟೊತ್ತು?" ಅಂದ್ರು, ಅದನ್ನೂ ಹೇಳಿದ್ಳು. ನಾನು "ಏನ ಮಾಡಾಕತ್ತೀ ಬೇ, ಹುಚ್ಚ ಹಿಡೀತೇನ?" ಅಂದ್ನಿ. ಅದನ್ನೂ ಹೇಳಿದ್ಳು! ಯಾರ ಬಾಯಾಗ ಏನ ಬಂದ್ರೂ ಮುಚ್ಚಿಡದ ಹೇಳಿದ್ಳು. ಇಂಗ್ಲಿಷ್ ಇಲ್ಲ ಪಿಂಗ್ಲಿಷ್ ಇಲ್ಲ, ನಮ್ಮ ಕನ್ನಡ ಮರಾಠಿ ಎಲ್ಲಾ ಸೀದಾ ಸ್ಪ್ಯಾನಿಷ್ ಆಗಿ ಬೀಳಾಕತ್ತಿತ್ತು.

"ಪಾಪ, ಕೈ ಎಷ್ಟ ತಣ್ಣಗಾಗ್ಯಾವ, ಚಾ ಕೊಡ್ರೆ" ಅಂದ್ಳು ಒಬ್ಬಾಕಿ. ಅದೂ ಆತು.

"ಈ ಡಾಕ್ಟರೇ ನಮ್ಮ ಮನಿಯವರ ಹೊಟ್ಟಿ ಕೊಯ್ದದ್ದು. ಈಗ ಕಲ್ಲಿನಂಗ ಅದಾರ, ದಿನಾ ನನ್ನ ಜೋಡಿ ಜಗಳಾ ಮಾಡ್ತಾರ" ಅಂದ್ಳು ಭೀಮಾಬಾಯಿ, ಅಳಕೋತ.

"ನಿನ್ನ ಜೋಡಿ ಜಗಳಾ ಮಾಡದ ಇನ್ನೇನ ಮಾಡ್ಯಾರು" ಅಂದ್ನಿ ನಾನು. ಇಂಥಾ ಹೊತ್ತಿನ್ಯಾಗೂ ನನ್ನ ಬಾಯಿ ಸುಮ್ಮನಿರಂಗಿಲ್ಲ.

ನೀಲಮ ಅದನ್ನೂ ಹೇಳಿದ್ಳು. ಲೂರ್ದೆಸ್ ನನ್ನ ನೋಡಿದ್ಳು, ಭೀಮಾಬಾಯಿನ್ನ ನೋಡಿದ್ಳು. ಒಮ್ಮೆಲೆ ನಗು ಬಂತು ಆಕಿಗೆ, ನಕ್ಕೋತ ನಕ್ಕೋತ ಅತ್ತಳು. ನಾವು ಸತ್ತವಗ ಅಳಾಕ ಕುಂತಿಲ್ಲ, ಆಕಿ ಜೋಡಿ ಇರಾಕ ಕುಂತೀವಿ ಅಂತ ಆಗ ತಿಳೀತಂತ. ನೀಲಮನ್ನ ಒಂದ ಮಾತ ಕೇಳಿದ್ಳು. "ನಿನ್ನ ಅಪ್ಪಾ ಆಗಿದ್ರ ನೀ ಸಹಿ ಮಾಡ್ತಿದ್ದೇನು ಅಂತ ಕೇಳಾಕತ್ತಾಳ, ಆತ್ಯಾ." ನೀಲಮ ನನ್ನ ಉತ್ತರಕ್ಕ ಕಾಯಲಿಲ್ಲ, ತಾನೇ ಹೌದಂದ್ಳು. ಲೂರ್ದೆಸ್ ಸಹಿ ಮಾಡಿದ್ಳು.

ಬಾಗಲಾ ಮುಚ್ಚಿತು. ನಾವೆಲ್ಲಾ ಹೊರಗ ಕುಂತಿವಿ. ಹೊತ್ತು ಹೋಗಲಿ ಅಂತ ಭೀಮಾಬಾಯಿ ತನ್ನ ಗಂಡನ ದೂರು ಹೇಳಿದ್ಳು, ಲೂರ್ದೆಸ್ ತನ್ನ ಗಂಡನ ದೂರು ಹೇಳಿದ್ಳು. ದಾರಿ ಕೇಳಂಗೇ ಇಲ್ಲಂತ ಅವ, ಮ್ಯಾಪ್ ನೋಡಿಕೋತ ತಪ್ಪು ಊರಿಗೆ ಒಯ್ತಾನಂತ. "ಎಲ್ಲಾ ಕಡೆ ಗಂಡಸರು ಹಂಗ" ಅಂದ್ನಿ. ನೀಲಮ ನಡುವ ಕುಂತು ಎರಡೂ ಕಡೆ ಮಾತು ದಾಟಿಸಾಕತ್ತಿದ್ಳು, ಗಂಟಲ ಕಟ್ಟಿ ಹೋಗಿತ್ತು ಪಾಪ.

ಸಂಜಿಕ ಡಾಕ್ಟರ್ ಹೊರಗ ಬಂದ್ರು. ಟೊಪ್ಪಿಗಿ ತಗದು ಇಂಗ್ಲಿಷ್‌ನ್ಯಾಗ ಎರಡ ಮಾತ ಅಂದ್ರು. ನಾವೆಲ್ಲಾ ಅವರ ಮುಖಾನೇ ನೋಡಾಕತ್ತಿದ್ವಿ. ಲೂರ್ದೆಸ್ ಮಾತ್ರ ಅತ್ತಾಗ ನೋಡಲೇ ಇಲ್ಲ. ನೀಲಮನ ಕಡೆನೇ ನೋಡ್ತಾ ಕುಂತಿದ್ಳು. ನೀಲಮ ಹೇಳಿದ್ಳು. ಆಕಿ ಮರಳಿ ಕೇಳಲಿಲ್ಲ, ಡಾಕ್ಟರ್ ಮುಖ ನೋಡಲಿಲ್ಲ, ಉದ್ದಕ ಉಸಿರು ಬಿಟ್ಟು ನೀಲಮನ ಹೆಗಲ ಮ್ಯಾಲ ತಲಿ ಇಟ್ಟಳು.

"ನಮಗೂ ಹೇಳ ಬೇ!" ಅಂತ ಒದರಿದ್ನಿ.

"ಉಳದಾರ ಆತ್ಯಾ" ಅಂದ್ಳು.

ಮನಿಗೆ ಬಂದು ಚಪ್ಪಲ್ ಬಿಟ್ಟಾಕಿ ಹೊಸ್ತಿಲದಾಗೇ ಕುಂತು ಹೋ ಅಂತ ಅಳಾಕ ಹತ್ತಿದ್ಳು. ನಾ ಗಾಬರ್ಯಾದ್ನಿ. "ಯಾಕ ಬೇ? ಉಳದಾನಲ್ಲ ಅವ, ಮತ್ತೇನಾತು?" ಅಂತ ತಲಿ ಸವರಿದ್ನಿ.

ಸೆರಗಿನಿಂದ ಮುಖ ಒರಿಸಿಕೊಂಡು ನಕ್ಕಳು. "ಏನೂ ಇಲ್ಲ ಆತ್ಯಾ" ಅಂದ್ಳು. "ನಾ ಮಾತಾಡಿದ್ದಕ್ಕ ಆಕಿ ಉತ್ತರಾ ಕೊಟ್ಳು."