ಸೂಜಿ ಮಾರೆಮ್ಮನನ್ನು ಕರೆಯುತ್ತೇನೆ ನೋಡು!

ನಮ್ಮ ಓಣಿಯ ಹೆಂಗಸರಿಗೆ ಮಕ್ಕಳನ್ನು ಹೆದರಿಸಲು ಗುಮ್ಮ ಬೇಕಿರಲಿಲ್ಲ, ಮಾರೆಮ್ಮ ಇದ್ದಳು. ಕೂಸು ಅನ್ನ ಉಣ್ಣದಿದ್ದರೆ, ಮಧ್ಯಾಹ್ನ ಮಲಗದಿದ್ದರೆ ಒಂದೇ ಮಂತ್ರ: "ಸೂಜಿ ಮಾರೆಮ್ಮನ್ನ ಕರೀತೀನಿ ನೋಡು!" ಮಾರೆಮ್ಮ ಸಿರುಗುಪ್ಪದ ಮಕ್ಕಳ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವವಳು. ನಾನು ಸುನಂದಾ, ಅದೇ ಕ್ಲಿನಿಕ್ಕಿನ ಬಾಗಿಲಲ್ಲಿ ಕೂತು ಚೀಟಿ ಕೊಡುವವಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ಮಾರೆಮ್ಮನೂ ಬೆಣ್ಣೆಯಂಥ ಹೆಂಗಸೇನಲ್ಲ. ಸಿರಿಗೇರಿಯಲ್ಲಿ ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು, ಗಂಡ ಬಿಟ್ಟುಹೋದ ಮೇಲೆ ಬಳ್ಳಾರಿಯಲ್ಲಿ ಲ್ಯಾಬ್ ಕೆಲಸ ಕಲಿತು ಬಂದಳು. ನಗುವುದಿಲ್ಲ, ಮುದ್ದು ಮಾಡುವುದಿಲ್ಲ. "ಅಳು, ಎಷ್ಟಾರ ಅಳು, ಕೈ ಮಾತ್ರ ಅಲ್ಲಾಡಸಬ್ಯಾಡ" ಅನ್ನುತ್ತಾಳೆ. ಅವಳು ಓಣಿಯಲ್ಲಿ ಬಂದರೆ ಮಕ್ಕಳು ಓಡಿಹೋಗಿ ಬಾಗಿಲು ಹಾಕಿಕೊಳ್ಳುತ್ತವೆ. ತಾಯಂದಿರು ಕಿಸಕ್ಕನೆ ನಗುತ್ತಾರೆ. ನಿನಗೇನೂ ಅನಿಸುವುದಿಲ್ಲವಾ ಎಂದು ಒಮ್ಮೆ ಕೇಳಿದೆ.

"ಅನಸ್ತೈತಿ. ಅನಿಸಿದ್ರ ಏನ್ ಮಾಡ್ಲಿ? ಮನಿಮನಿಗೆ ಹೋಗಿ ಜಗಳಾಡ್ಲ್ಯಾ?"

"ನೀ ಸುಮ್ನಿರು, ನಾ ಆಡ್ತೀನಿ" ಅಂದೆ.

ಈ ಹೆದರಿಸುವ ಆಟದಲ್ಲಿ ಎಲ್ಲರಿಗಿಂತ ಮುಂದೆ ನಮ್ಮ ಎದುರುಮನೆಯ ಚನ್ನವೀರಮ್ಮ. ಮಗ, ಸೊಸೆ ದಿನಾ ಕುರುಗೋಡಿನ ಅಂಗಡಿಗೆ ಹೋಗುವುದರಿಂದ ಮೊಮ್ಮಕ್ಕಳು ಗವಿಸಿದ್ದೇಶ್, ದಾಕ್ಷಾಯಣಿ ಇಬ್ಬರೂ ಈ ಅಜ್ಜಿಯ ಕೈಯಲ್ಲೇ ಬೆಳೆಯುತ್ತಿದ್ದರು. ಹೋದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳು ಗವಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಕ್ಲಿನಿಕ್ಕಿಗೆ ಬಂದಳು. ಹುಡುಗನ ಕೈಕಾಲು ಜೋತುಬಿದ್ದಿದ್ದವು.

"ಮುಂಜಾನಿಂದ ಒಂಚೂರು ಮೈ ಬೆಚ್ಚಗೈತ್ರಿ."

ಡಾಕ್ಟರ್ ಶೇಖರ್ ಹುಡುಗನ ಬೆರಳ ತುದಿ ಒತ್ತಿ ಬಿಟ್ಟರು, ಬೆಳ್ಳಗಾದದ್ದು ಬೇಗ ಕೆಂಪಾಗಲಿಲ್ಲ. ಅವರ ಹುಬ್ಬು ಗಂಟಾಯಿತು. ಮಕ್ಕಳ ಜ್ವರ ಬಹಳಷ್ಟು ತಾನೇ ಇಳಿದುಹೋಗುತ್ತದೆ. ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದಿದ್ದರೆ ಮಾತ್ರ ಅದು ಮಗುವನ್ನೇ ನುಂಗುತ್ತದೆ. ಮೈ ಮುಟ್ಟಿದರೆ ಎರಡೂ ಒಂದೇ ಬಿಸಿ. ಅದಕ್ಕೇ ರಕ್ತ ನೋಡಬೇಕು.

"ಮಾರೆಮ್ಮ, ಕೌಂಟ್, ಸಿಆರ್‌ಪಿ ಎರಡಕ್ಕೂ ತೆಗಿ. ಯಾವ ಕ್ರಿಮಿ ಅಂತ ತಿಳೀಬೇಕು, ಕಲ್ಚರ್ ಬಾಟಲಿಗೂ ತೆಗಿ. ಆಮೇಲೇ ಇಂಜೆಕ್ಷನ್."

ಕತ್ತು ಎತ್ತಲಾಗದೆ ಬಿದ್ದಿದ್ದ ಹುಡುಗ ಅವಳನ್ನು ಕಂಡದ್ದೇ ಕಾಲು ಝಾಡಿಸತೊಡಗಿದ. ಚನ್ನವೀರಮ್ಮ ಅವಳ ಮೇಲೆಯೇ ಹರಿಹಾಯ್ದಳು: "ಸಣ್ಣ ಕೂಸಿಂದು ಇಷ್ಟು ರಕ್ತ ಯಾಕ? ಕುಡೀತಿಯೇನ?" ಮಾರೆಮ್ಮ ರಕ್ತ ತೆಗೆದು ಒಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಮಾರೆಮ್ಮ ಸೋಂಕು ಎಷ್ಟೆಂದು ತೋರಿಸುವ ಸಿಆರ್‌ಪಿ ಚೀಟಿ ತಂದುಕೊಟ್ಟಳು. ಡಾಕ್ಟರು ತಲೆ ಎತ್ತಿದರು. "ಅಮ್ಮಾ, ಒಂದು ಮುಂಜಾನೆಯಲ್ಲಿ ಇದು ಇಷ್ಟು ಏರೋದಿಲ್ಲ. ಜ್ವರ ಯಾವಾಗಿಂದ?"

"ದೇವರಾಣಿ, ಮುಂಜಾನಿಂದ್ರಿ!"

ಪಾಪ, ಅವಳು ಸುಳ್ಳು ಹೇಳುತ್ತಿರಲಿಲ್ಲ, ಅವಳಿಗೆ ಗೊತ್ತೇ ಇರಲಿಲ್ಲ. ಮಾರೆಮ್ಮ ಹುಡುಗನ ಕಡೆಗೆ ಬಾಗಿದಳು. "ಯಾವಾಗಿಂದಲೇ ಗವಿ?"

ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ: "ಮೊನ್ನಿಂದ. ಮೈ ತಣ್ಣಗಾಗ್ಲಿ ಅಂತ ನೀರಿನ ತೊಟ್ಟಿಗೆ ಹೊಟ್ಟಿ ಹಚ್ಚಿ ಮಲಗತಿದ್ದೆ. ಅಜ್ಜಿ ಮುಟ್ಟಿದ್ರ ಬಿಸಿಲಾಗ ಆಡಿ ಬಂದೆ ಅಂತಿದ್ದೆ."

"ಯಾಕಪ್ಪಾ?"

"ಹೇಳಿದ್ರ ನೀ ಬರ್ತೀಯಲ್ಲ."

ನನ್ನ ಮೈ ಉರಿದುಹೋಯಿತು. "ಕೇಳಿಸ್ತೇನಬೇ ಮುದುಕಿ?" ಎಂದು ಕೂಗಿಬಿಟ್ಟೆ. ಡಾಕ್ಟರು ನನ್ನನ್ನೇ ಗದರಿ ಹೊರಗೆ ಕಳಿಸಿದರು. ಇಂಜೆಕ್ಷನ್ ಚುಚ್ಚಿ, ಗಾಡಿ ಕರೆಸಿ, ಹುಡುಗನನ್ನು ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಕಲ್ಚರ್ ಬಾಟಲಿಯಲ್ಲಿ ಕ್ರಿಮಿ ಬೆಳೆದು ಯಾವುದೆಂದು ತಿಳಿಯಿತು, ಅದಕ್ಕೆ ತಕ್ಕ ಔಷಧ ಸಿಕ್ಕಿತು, ಗವಿ ಬದುಕಿದ. ಕಡ್ಡಿಯಂತಾಗಿ ಮನೆಗೆ ಬಂದ.

ಅವನು ಬಂದ ಮೇಲೆ ಒಂದು ದಿನ ನಾನೂ ಮಾರೆಮ್ಮನೂ ಕೆಲಸಕ್ಕೆ ಹೊರಟಿದ್ದೆವು. ಚನ್ನವೀರಮ್ಮ ಕರೆದಳು. ಗೇಟು ತೆಗೆಯಲಿಲ್ಲ, ಒಳಗೆ ಬಾ ಅನ್ನಲಿಲ್ಲ. ಆ ಮನೆಯವರು ಮಾರೆಮ್ಮನ ಕೇರಿಯವರನ್ನು ಎಂದೂ ಒಳಗೆ ಕರೆದವರಲ್ಲ. ಗೇಟಿನ ಮೇಲಿಂದಲೇ ಲಾಡುವಿನ ಕವರು ಚಾಚಿದಳು.

"ತಗೋ, ಕೂಸು ಉಳೀತು." ಆಮೇಲೆ ಪಕ್ಕದಲ್ಲಿ ನಿಂತಿದ್ದ ಗವಿಯ ಕಡೆ ತಿರುಗಿ, "ಮಾತ್ರಿ ನುಂಗಲೇ! ಇಲ್ಲಾಂದ್ರ ನೋಡು, ಮಾರೆಮ್ಮ ಇಲ್ಲೇ ನಿಂತಾಳ!" ಎಂದು ನಕ್ಕಳು.

ಥೂ, ಎಂಥ ನಾಲಗೆ! ನಾನು ಬಾಯಿ ತೆರೆಯುವಷ್ಟರಲ್ಲಿ ಮಾರೆಮ್ಮ ಕವರನ್ನು ಗೇಟಿನ ಕಂಬದ ಮೇಲೆ ಇಟ್ಟುಬಿಟ್ಟಳು. "ಈ ಕೂಸು ಸತ್ತಿದ್ರೂ ಇನ್ನೊಂದು ಕೂಸಿಗೆ ನೀವು ಇದನ್ನ ಅಂತಿದ್ರಿ" ಅಂದಳು.

ಆಗ ಗವಿ ತಾನೇ ಚಿಲಕ ತೆಗೆದು ಬಂದು ಅವಳ ಬೆರಳು ಹಿಡಿದ.

"ದಾಕ್ಷಿ ಮೈ ಸುಡಾಕತ್ತೈತಿ, ನಿನ್ನೆ ಸಂಜಿಂದ. ಯಾರಿಗೂ ಹೇಳಬ್ಯಾಡ ಅಂದಾಳ. ನಿನ್ನ ದನಿ ಕೇಳಿ ಮಂಚದ ಕೆಳಗ ಹೋಗ್ಯಾಳ."

ಅಜ್ಜಿಯ ನಗು ಅಲ್ಲೇ ನಿಂತಿತು. ಮಾರೆಮ್ಮ ಹುಡುಗನ ಜೊತೆ ಹೊಸ್ತಿಲ ತನಕ ಹೋಗಿ ನಿಂತು, ಬಾಗಿಲಿಗೆ ಅಡ್ಡ ಬಂದಿದ್ದ ಅಜ್ಜಿಯ ಮುಖ ನೋಡಿದಳು. ಚನ್ನವೀರಮ್ಮ ಪಕ್ಕಕ್ಕೆ ಸರಿದಳು. ಇವಳು ಒಳಗೆ ಕಾಲಿಟ್ಟಳು.

ಮಂಚದ ಕೆಳಗಿಂದ ಕೂಸಿನ ಕಿರುಚಾಟ ಓಣಿಗೆಲ್ಲ ಕೇಳಿತು: "ಅಜ್ಜೀ, ನನ್ನ ಆಕೀಗೆ ಕೊಡಬ್ಯಾಡ! ಉಣ್ತೀನಿ ಅಜ್ಜಿ, ಎಲ್ಲಾ ಉಣ್ತೀನಿ!"