ತುದಿಗಾಲಲ್ಲಿ ನಿಂತವಳು

ನಮ್ಮ ಅತ್ತೆ ಇರುವುದು ಹರಿಹರದಲ್ಲಿ, ನನ್ನ ಮೈದುನನ ಮನೆಯಲ್ಲಿ. ಹೋದ ವರ್ಷ ಅಮಾವಾಸ್ಯೆಗೆಂದು ಉಕ್ಕಡಗಾತ್ರಿಯ ಗುಡಿಗೆ ಹೋದಾಗ ಹೊಳೆಯ ಮೆಟ್ಟಿಲ ಮೇಲೆ ಜಾರಿ, ಪಾದದ ಕೀಲಿನ ಹತ್ತಿರ ಮೂಳೆ ಬಿರುಕು ಬಿಟ್ಟಿತು. ಮೂಳೆ ಡಾಕ್ಟರು ದಾವಣಗೆರೆಯಲ್ಲಿ, ನಮ್ಮ ಮನೆಗೆ ಹತ್ತಿರ. ಹಾಗಾಗಿ ಕಾಲು ನೆಟ್ಟಗಾಗುವವರೆಗೆ ಅವರನ್ನು ನಮ್ಮಲ್ಲೇ ಉಳಿಸಿಕೊಂಡೆವು.

ಸುಮ್ಮನೆ ಕೂತು ಗೊತ್ತಿಲ್ಲದ ಜೀವ ಅದು. ಟಿ.ವಿ. ಹಾಕಿಕೊಟ್ಟರೆ, ಧಾರಾವಾಹಿಯ ಹೆಂಗಸರು ಯಾವಾಗ ನೋಡಿದರೂ ಅಳುತ್ತಿರುತ್ತಾರೆಂದು ಆರಿಸಿಬಿಡುತ್ತಿದ್ದರು. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬರುವಷ್ಟರಲ್ಲಿ, ಎರಡು ವಾರಕ್ಕಾಗುವಷ್ಟು ಬೆಳ್ಳುಳ್ಳಿ ಸುಲಿದಿಟ್ಟು ಮತ್ತೇನಿದೆ ಕೊಡು ಎನ್ನುತ್ತಿದ್ದರು.

ಅಜ್ಜಿಯ ಚಡಪಡಿಕೆ ನೋಡಿ, ಕಾಲೇಜಿಗೆ ಹೋಗುವ ನನ್ನ ಮಗಳು ಆನ್‌ಲೈನಿನಲ್ಲಿ ಒಂದು ಜಿಗ್ಸಾ ಪಜಲ್ ತರಿಸಿದಳು. ಚಿತ್ರವೊಂದನ್ನು ನೂರಾರು ಚೂರು ಮಾಡಿರುತ್ತಾರೆ, ಅದನ್ನು ಮತ್ತೆ ಜೋಡಿಸಬೇಕು. ಚಿತ್ರ ಹಳೆಯ ಕಾಲದ ಯುರೋಪಿನದು. ಕೊಳದ ದಂಡೆಯಲ್ಲಿ ಒಬ್ಬ ಬ್ಯಾಲೆ ನರ್ತಕಿ, ಮೋಡದಂಥ ಬಿಳಿ ಲಂಗ, ಬೆನ್ನಿಗೆ ಪುಟ್ಟ ರೆಕ್ಕೆ, ಒಂದೇ ಕಾಲಿನ ಬೆರಳ ತುದಿಯ ಮೇಲೆ ನಿಂತಿದ್ದಾಳೆ. ಫೋಟೋ ಇಲ್ಲದ ಕಾಲದಲ್ಲಿ ಇಂಥ ಚಿತ್ರಗಳನ್ನು ಅಚ್ಚು ಹಾಕಿ ಮಾರುತ್ತಿದ್ದರು, ಜನ ಮನೆಯಲ್ಲಿ ತೂಗುಹಾಕಿಕೊಳ್ಳುತ್ತಿದ್ದರು ಎಂದು ಮಗಳು ವಿವರಿಸಿದಳು. ನಮ್ಮಲ್ಲಿ ದೇವರ ಕ್ಯಾಲೆಂಡರಿಗೆ ಕಟ್ಟು ಹಾಕಿಸುತ್ತಾರಲ್ಲ ಹಾಗೆ, ಎಂದು ಅತ್ತೆ ತಲೆಯಾಡಿಸಿದರು.

ನನಗೆ ಭರವಸೆ ಇರಲಿಲ್ಲ. ಅವರು ಮಾತ್ರ ಮೊರ ತರಲು ಹೇಳಿದರು. ಚೂರುಗಳನ್ನು ಅದರಲ್ಲಿ ಸುರುವಿ, ಅಕ್ಕಿ ಆರಿಸಿದ ಹಾಗೆ ಬಿಳಿಯದನ್ನು ಒಂದು ತಟ್ಟೆಗೆ, ಕಪ್ಪು ಹಸಿರನ್ನು ಇನ್ನೊಂದಕ್ಕೆ, ನೇರ ಅಂಚಿನವನ್ನು ಮಡಿಲಿಗೆ ಹಾಕಿಕೊಂಡರು. ಎರಡು ಸ್ಟೂಲಿನ ಮೇಲೆ ಪ್ಲೈವುಡ್ ಹಲಗೆ ಇಟ್ಟುಕೊಟ್ಟೆವು. ಸಂಜೆ ಚಹಾ ಕುಡಿದು ನಾನೂ ಪಕ್ಕದಲ್ಲಿ ಕೂರತೊಡಗಿದೆ.

ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮಿಬ್ಬರ ಮಾತು ಅಡುಗೆ ಮತ್ತು ನೆಂಟರನ್ನು ದಾಟಿರಲಿಲ್ಲ. ಮುಖ ನೋಡದೆ, ಕಣ್ಣು ಚೂರುಗಳ ಮೇಲಿಟ್ಟು ಮಾತಾಡುವುದು ಇಬ್ಬರಿಗೂ ಸಲೀಸಾಯಿತು. ತವರೂರು ನಂದಿಗುಡಿಯಲ್ಲಿ ಹುಡುಗಿಯಾಗಿದ್ದಾಗ ತಾವು ಕೋಲಾಟದ ತಂಡಕ್ಕೆ ಮುಂದಾಳು ಎಂದು ಒಂದು ಸಂಜೆ ಹೇಳಿದರು. ಮದುವೆಯಾದ ಮೇಲೆ ಯಾಕೆ ಬಿಟ್ಟಿರೆಂದು ಕೇಳಿದೆ.

"ಯಾರೂ ಬ್ಯಾಡ ಅನ್ಲಿಲ್ಲ. ಪುರುಸೊತ್ತು ಸಿಗ್ಲಿಲ್ಲ, ಅಷ್ಟೆ" ಎಂದು ರೆಕ್ಕೆಯ ಚೂರೊಂದನ್ನು ಕೂರಿಸಿದರು. ಆ ಮಾತಿನಲ್ಲಿ ಕೊರಗೇನೂ ಕೇಳಿಸಲಿಲ್ಲ.

ಎದುರು ಮನೆಯಾಕೆ ಒಮ್ಮೆ ಬಂದವರು, ಇದೇನು ಇವಳು ಹೀಗೆ ಕಾಲು ತೋರಿಸಿಕೊಂಡು ನಿಂತಿದ್ದಾಳೆ ಎಂದು ಮೂಗು ಮುರಿದರು. ಅತ್ತೆ ತಲೆ ಎತ್ತಲಿಲ್ಲ.

"ಆಕಿ ಕೆಲಸ ಇರೋದೇ ಕಾಲಾಗ. ಮುಚ್ಚಿಕೊಂಡ್ರೆ ಕೆಲಸ ಹೆಂಗೆ ಕಾಣ್ತೈತೆ? ಕೂಡ್ರಿ, ಆ ಗಿಡದ ಚೂರು ಹುಡುಕಿಕೊಡ್ರಿ."

ಆಕೆ ಕತ್ತಲಾಗುವವರೆಗೂ ಕೂತು ಹುಡುಕಿದರು. ಆಮೇಲೆ ದಿನವೂ ಬಂದರು.

ಚಿತ್ರ ಪೂರ್ತಿಯಾದ ವಾರವೇ ಪ್ಲಾಸ್ಟರ್ ಬಿಚ್ಚಿದರು. ಆದರೆ ಅತ್ತೆಗೆ ಕಾಲೂರಲು ಭಯ. ಏನನ್ನಾದರೂ ಹಿಡಿದುಕೊಂಡು ಹಿಮ್ಮಡಿ ಎತ್ತಿ ಇಳಿಸಬೇಕೆಂದು ವ್ಯಾಯಾಮ ಹೇಳಿಕೊಡುವ ಹುಡುಗಿ ತೋರಿಸಿ ಹೋದಳು. ಅವಳು ಅತ್ತ ಹೋದ ಮೇಲೆ ಇವರು ಕುರ್ಚಿ ಬಿಟ್ಟು ಏಳಲಿಲ್ಲ. ನಾವು ಎಷ್ಟು ಹೇಳಿದರೂ ನಾಳೆ ನೋಡೋಣ ಎನ್ನುತ್ತಿದ್ದರು. ಮತ್ತೆ ಬೆಳ್ಳುಳ್ಳಿ ಸುಲಿಯುವುದು ಶುರುವಾಯಿತು. ನನಗೆ ನಿಜವಾಗಿಯೂ ಚಿಂತೆ ಹತ್ತಿತು.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಇಣುಕಿದರೆ, ಅತ್ತೆ ಕಿಟಕಿಯ ಸರಳು ಹಿಡಿದು ನಿಂತಿದ್ದಾರೆ. ಹಲಗೆಯನ್ನು ಗೋಡೆ ಬದಿಗೆ ಸರಿಸಿಟ್ಟಿದ್ದೆವು. ಅವರ ಕಣ್ಣು ಆ ನರ್ತಕಿಯ ಪಾದದ ಮೇಲೆ. ಮೆಲ್ಲಗೆ ಹಿಮ್ಮಡಿ ಮೇಲೆದ್ದಿತು, ನಡುಗಿತು, ನಿಂತಿತು. ಇಳಿದ ಮೇಲೆ ನನ್ನನ್ನು ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನಕ್ಕರು.

"ಮೊದ್ಲ ದಿನವೇ ಆಕಿಗೂ ಬಂದಿರಂಗಿಲ್ಲ, ಅಲ್ಲೇನು?"

"ಇಲ್ಲ ಬಿಡ್ರಿ ಅತ್ತೆ. ಆಕಿನೂ ಬಿದ್ದು ಎದ್ದೇ ಕಲ್ತಿರ್ತಾಳೆ."

"ಹಂಗಾರೆ ನೀನೂ ಬಾ. ದಿನಾ ನಿಂತು ಪಾಠ ಮಾಡಿ ಮಾಡಿ ನಿನ್ನ ಕಾಲೂ ಬಾತೈತೆ."

ಲಟ್ಟಣಿಗೆಯನ್ನು ಅಲ್ಲೇ ಇಟ್ಟು ನಾನೂ ಸರಳು ಹಿಡಿದೆ. ಇಬ್ಬರೂ ಒಟ್ಟಿಗೆ ಎದ್ದೆವು. ಮೊದಲು ಇಳಿದವಳು ನಾನೇ. ನನ್ನ ಕಾಲು ಬಾತಿದ್ದನ್ನು ಅವರು ಗಮನಿಸಿದ್ದರೆಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ.

ಈಗ ಅತ್ತೆ ಹರಿಹರದಲ್ಲಿ ತಾವೇ ನಡೆದು ತರಕಾರಿ ತರುತ್ತಾರೆ. ಮಗಳು ಇನ್ನೊಂದು ಹಳೆಯ ಬ್ಯಾಲೆ ಚಿತ್ರ ಕೊಡಿಸಿದ್ದಾಳೆ, ಕೈ ಹೆಣೆದು ನಿಂತ ನಾಲ್ವರು ನರ್ತಕಿಯರದು. ರಜೆಯ ದಿನ ಬಸ್ಸು ಹತ್ತಿ ಹೋಗುತ್ತೇನೆ. ನಾಲ್ವರದೂ ಬಿಳಿ ಲಂಗವೇ ಆದ್ದರಿಂದ ಯಾರ ಚೂರು ಯಾರಿಗೆ ಎಂದು ನಾವು ಮಧ್ಯಾಹ್ನವಿಡೀ ವಾದ ಮಾಡುತ್ತೇವೆ. ಮೊನ್ನೆ ಒಬ್ಬಳ ಮುಖ ಕೂಡಿಬಂತು.