ಸೂಜಿ ಜುಂಜಮ್ಮನ ಒಂಬತ್ತು ಜೊತೆ ಗ್ಲೌಸು

ಬೆಳಗಿನ ಐದೂವರೆ. ಯಲ್ಲದಕೆರೆಯಲ್ಲಿ ಮೂರು ದಿನದಿಂದ ಹಿಡಿದಿರುವ ಜಿಟಿಜಿಟಿ ಮಳೆ ಇನ್ನೂ ಬಿಟ್ಟಿಲ್ಲ. ಮನೆ ಮುಂದಿನ ತಗಡಿನ ಚಪ್ಪರದ ಕೆಳಗೆ ಜುಂಜಮ್ಮ ಬೈಕಿನ ಹಿಂದಿನ ಸೀಟಿಗೆ ನೀಲಿ ಪೆಟ್ಟಿಗೆಯೊಂದನ್ನು ರಬ್ಬರ್ ಪಟ್ಟಿಯಿಂದ ಬಿಗಿಯುತ್ತಿದ್ದಾರೆ. ಪೆಟ್ಟಿಗೆಯೊಳಗೆ ಐಸಿನ ಪೊಟ್ಟಣಗಳ ನಡುವೆ ಕುರಿಗಳಿಗೆ ಹಾಕುವ ಲಸಿಕೆಯ ಸೀಸೆಗಳಿವೆ. ಬಿಗಿದಾದ ಮೇಲೆ ಚೂಡಿದಾರದ ಮೇಲೆ ರೈನ್‌ಕೋಟು ತೊಡುತ್ತಾರೆ, ತಲೆಗೆ ಹೆಲ್ಮೆಟ್ ಏರಿಸುತ್ತಾರೆ. ಕೊನೆಯಲ್ಲಿ ಗ್ಲೌಸು.

ಅದನ್ನು ಹಾಕಿಕೊಳ್ಳುವಾಗ ಮಾತ್ರ ಅವರಿಗೆ ಅವಸರವಿಲ್ಲ. ಬೆರಳುಗಳನ್ನು ಒಂದೊಂದಾಗಿ ತುದಿಯವರೆಗೂ ಇಳಿಸಿ, ಮಣಿಕಟ್ಟಿನ ಪಟ್ಟಿ ಎಳೆದು, ಅದರ ಮೇಲೆ ರೈನ್‌ಕೋಟಿನ ತೋಳನ್ನು ಜಗ್ಗಿ ಮುಚ್ಚುತ್ತಾರೆ. ತೋಳು ಒಳಗೆ ಹೋದರೆ ತೋಳಿನ ಮೇಲೆ ಹರಿಯುವ ನೀರೆಲ್ಲ ಗ್ಲೌಸಿನೊಳಗೆ ಇಳಿಯುತ್ತದೆ. ಆಮೇಲೆ ಎರಡೂ ಕೈಗಳಲ್ಲಿ ಮೂರು ಸಲ ಮುಷ್ಟಿ ಕಟ್ಟಿ ಬಿಡುತ್ತಾರೆ, ಮುಂದಿನ ಬ್ರೇಕನ್ನು ಪೂರ್ತಿ ಹಿಡಿದು ನೋಡುತ್ತಾರೆ, ಹೆಬ್ಬೆರಳಿನಿಂದ ಹಾರ್ನು ಒತ್ತುತ್ತಾರೆ. ಪಕ್ಕದ ಮನೆಯ ನಾಯಿ ಬೊಗಳುತ್ತದೆ.

“ಇಷ್ಟು ಆದ್ರೆ ಹೊರಡೋದು. ಬ್ರೇಕು ಸಿಗ್ಲಿಲ್ಲ ಅಂದ್ರೆ ಬಿಚ್ಚಿ ಮತ್ತೆ ಹಾಕ್ಕಳ್ಳೋದು” ಎನ್ನುತ್ತಾರೆ ಜುಂಜಮ್ಮ. ದನಿಯಲ್ಲಿ ನಿದ್ದೆ ಸಾಲದವರ ಗಡಸು.

ನಲವತ್ತಾರು ವರ್ಷದ ಜುಂಜಮ್ಮ ಕುರಿ-ಮೇಕೆಗಳಿಗೆ ಲಸಿಕೆ ಹಾಕುವವರು. ಹಿರಿಯೂರು, ಹೊಸದುರ್ಗ ಎರಡೂ ತಾಲ್ಲೂಕಿನ ಹಟ್ಟಿಗಳಲ್ಲಿ ಅವರನ್ನು ಬರೀ ಹೆಸರು ಹಿಡಿದು ಕೇಳಿದರೆ ಯಾವ ಜುಂಜಮ್ಮ ಎಂದು ತಿರುಗಿ ಕೇಳುತ್ತಾರೆ. ಸೂಜಿ ಜುಂಜಮ್ಮ ಎಂದರೆ ದಾರಿ ತೋರಿಸುತ್ತಾರೆ. ದಿನಕ್ಕೆ ಮೂರು ಮಂದೆ, ಇನ್ನೂರರಿಂದ ಇನ್ನೂರೈವತ್ತು ಕುರಿ, ಅರವತ್ತೋ ಎಪ್ಪತ್ತೋ ಕಿಲೋಮೀಟರು. ಕುರಿ ಮೇಯಲು ಹೊರಡುವ ಮುಂಚೆ ಬೇಲಿ ಕಟ್ಟಿದ ರೊಪ್ಪದಲ್ಲಿ ಸಿಗಬೇಕು, ಆದ್ದರಿಂದ ಮೊದಲ ಹಟ್ಟಿಗೆ ಆರೂವರೆಯೊಳಗೆ ಮುಟ್ಟಲೇಬೇಕು. ಮಳೆ ಕೂತು ಚಳಿ ಏರುವ ಅಕ್ಟೋಬರಿನಿಂದ ಜನವರಿಯವರೆಗೆ ಕೆಲಸ ಜಾಸ್ತಿ. ಕುರಿಗಳಿಗೆ ನೀಲಿ ನಾಲಿಗೆ ರೋಗ ಬರುವುದೂ ಹೆಚ್ಚಾಗಿ ಅದೇ ಕಾಲದಲ್ಲಿ. ಮೂತಿ ಬಾತು, ಬಾಯಿ ಹುಣ್ಣಾಗಿ, ಕುರಿ ಮೇವು ಬಿಟ್ಟು ನಿಂತುಬಿಡುತ್ತದೆ.

“ಪೆಟ್ಟಿಗೆ ತಣ್ಣಗಿರಬೇಕು, ಕೈ ಬೆಚ್ಚಗಿರಬೇಕು. ಹಿಂದ್ಗಡೆ ಐಸು, ಮುಂದ್ಗಡೆ ಮಳೆ. ನಡುವೆ ನಾನು” ಎಂದು ಅವರು ತಮ್ಮ ಕೆಲಸವನ್ನು ವಿವರಿಸುತ್ತಾರೆ.

ಕೈ ಬೆಚ್ಚಗಿರಬೇಕೆನ್ನುವುದು ಸುಖಕ್ಕಲ್ಲ. ಕುರಿಯ ಮುಂಗಾಲಿನ ಹಿಂದೆ ಉಣ್ಣೆ ಸರಿಸಿ, ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಅದರ ಕೆಳಗಷ್ಟೇ ಸೂಜಿ ಹೋಗುವಂತೆ ಚುಚ್ಚಬೇಕು. ಬೆರಳಿಗೆ ಸ್ಪರ್ಶ ತಿಳಿಯದಿದ್ದರೆ ಸೂಜಿ ಆ ಕಡೆಯಿಂದ ಆಚೆ ಬಂದು ಮದ್ದೆಲ್ಲ ಉಣ್ಣೆಯ ಪಾಲಾಗುತ್ತದೆ. ಇಲ್ಲವೇ ತನ್ನ ಬೆರಳಿಗೇ ಚುಚ್ಚಿಕೊಳ್ಳುತ್ತದೆ. ಜುಂಜಮ್ಮನ ಎಡಗೈಯ ತೋರುಬೆರಳಿನಲ್ಲಿ ಅಂಥ ನಾಲ್ಕು ಗುರುತುಗಳಿವೆ.

ಈ ಕೆಲಸ ಮೊದಲು ಅವರ ಗಂಡ ಚಿಕ್ಕತಿಮ್ಮಪ್ಪನವರದು. ಹದಿನಾಲ್ಕು ವರ್ಷ ಅವರು ಹಟ್ಟಿ ಹಟ್ಟಿ ಸುತ್ತಿದರು. ಹಿಂದಿನ ಸೀಟಿನಲ್ಲಿ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಹೋಗಿ ಕುರಿ ಹಿಡಿದುಕೊಡುತ್ತಿದ್ದವರು ಜುಂಜಮ್ಮ. ಏಳು ವರ್ಷದ ಹಿಂದೆ ಡಿಸೆಂಬರಿನ ಒಂದು ಬೆಳಗ್ಗೆ, ಜುಂಜಮ್ಮ ಜ್ವರದಿಂದ ಮಲಗಿದ್ದ ದಿನ, ಚಿಕ್ಕತಿಮ್ಮಪ್ಪ ಒಬ್ಬರೇ ಹೊಳಲ್ಕೆರೆ ಕಡೆಯ ಒಂದು ಮಂದೆಗೆ ಹೊರಟರು. ಕೈಗೆ ಉಣ್ಣೆಯ ಗ್ಲೌಸು. ದಾರಿಯಲ್ಲಿ ಮಳೆ ಹಿಡಿಯಿತು. ಉಣ್ಣೆ ನೀರು ಕುಡಿದು ಭಾರವಾಯಿತು, ಆಮೇಲೆ ಗಾಳಿ ಬೀಸಿದಂತೆಲ್ಲ ಬೆರಳು ಮರಗಟ್ಟಿದವು. ಮುಂದೆ ಹೋಗುತ್ತಿದ್ದ ಟ್ರ್ಯಾಕ್ಟರು ನಿಂತದ್ದು ಅವರಿಗೆ ಕಂಡಿತ್ತು. ಬ್ರೇಕು ಹಿಡಿಯಬೇಕೆಂದು ಬುದ್ಧಿಗೂ ಗೊತ್ತಿತ್ತು. ಬೆರಳು ಮಡಚಲಿಲ್ಲ.

ಬೈಕು ಚರಂಡಿಗೆ ಬಿತ್ತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಮೂಳೆ ಕೂಡಿತು, ಆದರೆ ಹಿಡಿತ ಹಿಂದಿರುಗಲಿಲ್ಲ. ಇವತ್ತಿಗೂ ಚಿಕ್ಕತಿಮ್ಮಪ್ಪ ಲೋಟವನ್ನು ಎಡಗೈಯಲ್ಲೇ ಹಿಡಿಯುತ್ತಾರೆ.

ಬೈಕಿಗೆ ಹೆಚ್ಚೇನೂ ಆಗಿರಲಿಲ್ಲ. ಎರಡು ತಿಂಗಳು ಅದು ಚಪ್ಪರದ ಕೆಳಗೆ ನಿಂತಿತ್ತು. ಹಟ್ಟಿಗಳಿಂದ ಫೋನು ಬರುವುದು ಮಾತ್ರ ನಿಲ್ಲಲಿಲ್ಲ. ಒಂದು ದಿನ ಜುಂಜಮ್ಮ ಬೈಕನ್ನು ನೂಕಿಕೊಂಡು ಒಣಗಿದ ಕೆರೆಯಂಗಳಕ್ಕೆ ಹೋದರು. ಗಂಡ ಕೆರೆಯ ಏರಿಯ ಮೇಲೆ ಕುಳಿತು, ಕ್ಲಚ್ಚು ಬಿಡು, ನಿಧಾನ ಬಿಡು ಎಂದು ಹೇಳುತ್ತ ಹೋದರು. ಹದಿನೈದು ದಿನ ಅದೇ ನಡೆಯಿತು. ನೋಡಲು ಬಂದವರು ನಕ್ಕರು, ಆಮೇಲೆ ಬರುವುದನ್ನು ಬಿಟ್ಟರು. ಜುಂಜಮ್ಮ ಲೈಸೆನ್ಸು ಮಾಡಿಸಿದರು, ಪಶು ಆಸ್ಪತ್ರೆಯವರು ನಡೆಸಿದ ಲಸಿಕೆ ತರಬೇತಿಗೂ ಕೂತು ಬಂದರು. ನಲವತ್ತನೆಯ ವಯಸ್ಸಿನಲ್ಲಿ ಮೊದಲ ಸಲ ಚೂಡಿದಾರ ತೊಟ್ಟಾಗ ಬೈಕು ಕಲಿತದ್ದಕ್ಕಿಂತ ಹೆಚ್ಚು ನಾಚಿಕೆಯಾಯಿತಂತೆ.

ಕೆಲಸ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಗ್ಲೌಸು. ಉಣ್ಣೆಯದನ್ನು ಆ ಮನೆಯಲ್ಲಿ ಯಾರೂ ಮತ್ತೆ ಮುಟ್ಟಲಿಲ್ಲ. ಮೊದಲು ಚರ್ಮದ ಜೊತೆ ತಂದರು. ಒಂದೇ ಮಳೆಗೆ ಅದು ಹಸಿ ತೊಗಲಿನಂತಾಯಿತು, ಒಣಗಲು ಎರಡು ದಿನ ಬೇಕಾಯಿತು, ಒಣಗಿದ ಮೇಲೆ ಬೆರಳು ಮಡಚದಷ್ಟು ಸೆಟೆದುಕೊಂಡಿತು. ಪಾತ್ರೆ ತೊಳೆಯುವ ರಬ್ಬರಿನದನ್ನು ಹಾಕಿ ನೋಡಿದರು. ಹೊರಗಿನ ನೀರು ಬರಲಿಲ್ಲ, ಒಳಗಿನ ಬೆವರು ಹೋಗಲಿಲ್ಲ. ಅರ್ಧ ಗಂಟೆಗೆ ಕೈ ನೆನೆದು ತಣ್ಣಗಾಗುವುದು, ಆಕ್ಸಿಲರೇಟರಿನ ಮೇಲೆ ಜಾರುವುದು. ರೆಕ್ಸಿನ್ನಿನದು ಹೊಲಿಗೆಯಲ್ಲಿ ಸೋರಿತು. ವಾಟರ್‌ಪ್ರೂಫ್ ಎಂದು ಮೇಲೆ ಬರೆದಿದ್ದ ಜೊತೆಗಳೂ ಬಂದು ಹೋದವು. ಎಲ್ಲ ಗಂಡಸರ ಅಳತೆಯವು. ಬೆರಳ ತುದಿಯಲ್ಲಿ ಅರ್ಧ ಇಂಚು ಖಾಲಿ ಉಳಿದು, ಬ್ರೇಕು ಹಿಡಿದರೆ ಮೊದಲು ಆ ಖಾಲಿ ಬಟ್ಟೆ ಮಡಚಿಕೊಳ್ಳುತ್ತಿತ್ತು.

ಪ್ರತಿ ಸಲ ಹೊಸ ಜೊತೆ ಮನೆಗೆ ಬಂದಾಗ ಚಿಕ್ಕತಿಮ್ಮಪ್ಪ ಹೇಳುತ್ತಿದ್ದುದು ಒಂದೇ ಮಾತು. “ಚೆಂದ ನೋಡಬ್ಯಾಡ. ಬ್ರೇಕು ಹಿಡಿದು ನೋಡು.”

ಎರಡು ವರ್ಷದ ಹಿಂದಿನ ನವೆಂಬರ್ ಬಗ್ಗೆ ಜುಂಜಮ್ಮ ತಾವಾಗಿ ಹೇಳುವುದಿಲ್ಲ. ಗಂಡ ಶುರುಮಾಡಿದ ಮೇಲೆ ಅವರು ಮುಂದುವರಿಸುತ್ತಾರೆ. ಮಾಡದಕೆರೆಯಾಚೆಯ ಒಂದು ಹಟ್ಟಿಯಲ್ಲಿ ನೀಲಿ ನಾಲಿಗೆ ಕಾಣಿಸಿಕೊಂಡಿತ್ತು. ಅದರ ಪಕ್ಕದ ಹಟ್ಟಿಯ ಮಲ್ಲಕ್ಕ ಎಂಬ ಒಂಟಿ ಹೆಂಗಸು ತಮ್ಮ ಎಪ್ಪತ್ತೆರಡು ಕುರಿಗಳಿಗೆ ಲಸಿಕೆ ಹಾಕಿಸಲು ಕರೆದಿದ್ದರು. ಮಲ್ಲಕ್ಕನಿಗೆ ಆ ಮಂದೆ ಬಿಟ್ಟರೆ ಬೇರೆ ಬದುಕಿಲ್ಲ. ಜುಂಜಮ್ಮ ಅಂದು ಬೆಳಗ್ಗೆಯಿಂದ ಎರಡು ಮಂದೆ ಮುಗಿಸಿದ್ದರು. ಮಳೆ ಬಿಡದೆ ಹೊಡೆಯುತ್ತಿತ್ತು. ಎರಡನೆಯ ಮಂದೆಯಲ್ಲಿ ಗ್ಲೌಸನ್ನು ಅವಸರದಲ್ಲಿ ಎಳೆದಾಗ ಒದ್ದೆ ಬೆರಳುಗಳಿಗೆ ಅಂಟಿಕೊಂಡು ಒಳಪದರವೇ ಕಿತ್ತು ತಿರುವುಮುರುವಾಗಿ ಹೊರಗೆ ಬಂತು. ಅದನ್ನು ಮತ್ತೆ ಒಳಗೆ ತೂರಿಸಲು ಪೆನ್ನು, ಕಡ್ಡಿ ಎಲ್ಲ ಹಾಕಿ ನೋಡಿದರು. ಬೆರಳಿನ ಗೂಡು ಸಿಗಲಿಲ್ಲ.

ಇನ್ನೂ ಹದಿನಾಲ್ಕು ಕಿಲೋಮೀಟರು ಇತ್ತು. ಹಟ್ಟಿಯವರಿಂದ ಖಾಲಿ ಹಾಲಿನ ಕವರು ಈಸಿಕೊಂಡು ಎರಡೂ ಕೈಗೆ ಕಟ್ಟಿಕೊಂಡು ಹೊರಟರು. ಅರ್ಧ ದಾರಿಗೆ ಕವರು ಹರಿದವು. ಒಂದು ಪಂಪ್‌ಸೆಟ್ಟಿನ ಕೊಠಡಿಯ ಪಕ್ಕ ಬೈಕು ನಿಲ್ಲಿಸಿ ಕೈ ನೋಡಿಕೊಂಡರೆ ಬೆರಳು ಬೆಳ್ಳಗೆ, ತಮ್ಮವಲ್ಲ ಎನ್ನುವ ಹಾಗಿದ್ದವು. ಗಂಡನಿಗೆ ಆದದ್ದು ಹೀಗೇ ಎಂದು ಅಲ್ಲಿ ನಿಂತಾಗ ಅವರಿಗೆ ಅನ್ನಿಸಿತು. ಹಿಂದಿರುಗೋಣವೆಂದು ಬೈಕನ್ನು ತಿರುಗಿಸಿಯೂ ಬಿಟ್ಟಿದ್ದರು.

“ತಿರುಗಿಸಿದೆ. ಆಮ್ಯಾಕೆ ಪೆಟ್ಟಿಗೆ ನೋಡ್ದೆ. ಅದ್ರಾಗಿನ ಐಸು ಸಂಜೆಗೆ ಕರಗ್ತೈತೆ, ಮದ್ದು ಕೆಡ್ತೈತೆ. ಕೆಟ್ರೆ ಮತ್ತೆ ಸಿಗೋಕೆ ವಾರ ಬೇಕು. ಅದಕ್ಕೆ ಮತ್ತೆ ಆ ಕಡೀಕೆ ತಿರುಗಿಸ್ದೆ. ಧೈರ್ಯ ಅಂತ ಅಲ್ಲ, ಬ್ಯಾರೆ ದಾರಿ ಇರ್ಲಿಲ್ಲ.”

ಎರಡನೆಯ ಗೇರಿನಲ್ಲಿ, ಕಾಲಿನ ಬ್ರೇಕನ್ನೇ ನಂಬಿಕೊಂಡು, ಬೇಕೆಂದಾಗ ಕಾಲು ನೆಲಕ್ಕೆ ಊರಬಹುದಾದಷ್ಟು ನಿಧಾನಕ್ಕೆ ಹೋಗಿ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಮಲ್ಲಕ್ಕ ಬೆಳಗ್ಗೆಯಿಂದ ಕುರಿಗಳನ್ನು ಮೇಯಲು ಬಿಡದೆ ರೊಪ್ಪದಲ್ಲೇ ತಡೆದು ನಿಲ್ಲಿಸಿಕೊಂಡಿದ್ದರು. ಹಸಿದ ಕುರಿಗಳ ಕೂಗು ದಾರಿಗೇ ಕೇಳುತ್ತಿತ್ತು. ಜುಂಜಮ್ಮ ಸಿರಿಂಜು ಎತ್ತಿಕೊಂಡರು, ಅದು ಕೈಯಿಂದ ಜಾರಿ ಬಿತ್ತು. ಮತ್ತೆ ಎತ್ತಿಕೊಂಡರು, ಮತ್ತೆ ಬಿತ್ತು.

ಮಲ್ಲಕ್ಕ ಜುಂಜಮ್ಮನ ರಟ್ಟೆ ಹಿಡಿದು ಮಂದೆಯ ನಡುವೆ ಕರೆದೊಯ್ದು ಕೂರಿಸಿದರು. ಕೊಬ್ಬಿದ ಒಂದು ಹೆಣ್ಣು ಕುರಿಯನ್ನು ಪಕ್ಕಕ್ಕೆ ಎಳೆದು, ಅದರ ಮುಂಗಾಲಿನ ಸಂದಿಗೆ, ಉಣ್ಣೆಯೊಳಕ್ಕೆ ಆ ಎರಡೂ ಕೈಗಳನ್ನು ತಾವೇ ತೂರಿಸಿದರು.

“ಇಲ್ಲಿಕ್ಕು ಕೈಯ. ಕುರಿ ಏನೂ ಅನ್ನಾಕಿಲ್ಲ” ಎಂದರು.

ಕಾಲು ಗಂಟೆ ಜುಂಜಮ್ಮ ಹಾಗೇ ಕೂತಿದ್ದರು. ರಕ್ತ ಹಿಂದಿರುಗುವಾಗ ಬೆರಳೆಲ್ಲ ಮುಳ್ಳು ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ನೋವಿಗೋ ದಣಿವಿಗೋ ಅವರಿಗೆ ತಿಳಿಯಲಿಲ್ಲ. ಆಮೇಲೆ ಎದ್ದು ಎಪ್ಪತ್ತೆರಡು ಕುರಿಗೂ ಸೂಜಿ ಹಾಕಿದರು. ಮಲ್ಲಕ್ಕನೇ ಒಂದೊಂದನ್ನೂ ಹಿಡಿದುಕೊಟ್ಟರು.

ಆದರೂ ಆರು ಕುರಿ ಸತ್ತವು. ಲಸಿಕೆ ಹಾಕುವ ಮೊದಲೇ ಅವಕ್ಕೆ ರೋಗ ತಗುಲಿತ್ತು. ಅರವತ್ತಾರು ಉಳಿದವು. ಆ ಅರವತ್ತಾರರ ಬಗ್ಗೆ ಊರವರು ಈಗಲೂ ಮಾತಾಡುತ್ತಾರೆ. ಜುಂಜಮ್ಮನಿಗೆ ನೆನಪಾಗುವುದು ಆರು. ವಾರ ಮೊದಲು ಹೋಗಿದ್ದರೆ ಎಂದು ಅವರು ಮಲ್ಲಕ್ಕನೊಡನೆ ಒಮ್ಮೆ ಹೇಳಿಕೊಂಡಿದ್ದರಂತೆ. ವಾರ ಮೊದಲು ನಾನೂ ಕರೆದಿರಲಿಲ್ಲವಲ್ಲ ಎಂದು ಮಲ್ಲಕ್ಕ ಆ ಮಾತನ್ನು ಅಲ್ಲಿಗೇ ಮುಗಿಸಿದರಂತೆ.

ಮುಂದಿನ ವಾರವೇ ಜುಂಜಮ್ಮ ಹಿರಿಯೂರಿಗೆ ಹೋದರು. ಅಲ್ಲಿ ಹೆಲ್ಮೆಟ್ಟು, ರೈನ್‌ಕೋಟು ಮಾರುವ ಮಾರಪ್ಪ ಎಂಬವರ ಅಂಗಡಿಯಲ್ಲಿ ಒಂದು ಬಕೆಟ್ ನೀರು ಕೇಳಿದರು. ಯಾಕೆಂದು ತಿಳಿದಾಗ ಮಾರಪ್ಪ ಒಪ್ಪಲಿಲ್ಲ. ನೆನೆಸಿದ ಮಾಲನ್ನು ಆಮೇಲೆ ಯಾರಿಗೆ ಮಾರಲಿ ಎಂದು ಅವರ ತಕರಾರು. ಜುಂಜಮ್ಮ ವಾದಿಸಲಿಲ್ಲ. ಗಂಡನ ಕೈಗೆ ಏನಾಯಿತು, ತಮ್ಮ ಕೈ ಎಲ್ಲಿ ಬೆಚ್ಚಗಾಯಿತು ಎಂಬುದನ್ನು ಹೇಳಿ ಸ್ಟೂಲಿನ ಮೇಲೆ ಕೂತರು. ಮಾರಪ್ಪ ಸ್ವಲ್ಪ ಹೊತ್ತು ಅಂಗಡಿಯೊಳಗೆ ಏನೇನೋ ಎತ್ತಿಟ್ಟರು. ಆಮೇಲೆ ತಾವೇ ಬಕೆಟ್ ತಂದಿಟ್ಟರು.

ಆ ದಿನ ಜುಂಜಮ್ಮ ಗ್ಲೌಸು ತೊಟ್ಟು ಮಣಿಕಟ್ಟಿನವರೆಗೆ ಕೈ ಮುಳುಗಿಸಿ, ಒಂದೊಂದು ಜೊತೆಗೂ ಹತ್ತು ಹತ್ತು ನಿಮಿಷ ಕೂತರು. ನೀರು ಬರದಿದ್ದರೆ ಮುಂದಿನ ಪರೀಕ್ಷೆ. ಬರಿಗೈಯನ್ನು ಒದ್ದೆ ಮಾಡಿಕೊಂಡು ಐದು ಸಲ ತೆಗೆದು ಹಾಕಿ, ಒಳಪದರ ಬೆರಳಿನ ಜೊತೆ ಹೊರಗೆ ಬರುತ್ತದೆಯೇ ನೋಡಿದರು. ಅದರಲ್ಲೂ ಗೆದ್ದದ್ದನ್ನು ತೊಟ್ಟುಕೊಂಡು ಹೊರಗೆ ಹೋಗಿ ಬೈಕಿನ ಬ್ರೇಕು, ಕ್ಲಚ್ಚು ಹಿಡಿದರು. ಐದು ಜೊತೆ ಸೋತವು. ಆರನೆಯದು ಎಲ್ಲದರಲ್ಲೂ ಸರಿಯಿತ್ತು, ಆದರೆ ಅಳತೆ ದೊಡ್ಡದು. ಅದೇ ನಮೂನೆಯ ಚಿಕ್ಕ ಅಳತೆಯದನ್ನು ಮಾರಪ್ಪ ಬೆಂಗಳೂರಿನಿಂದ ತರಿಸಿದರು. ಇಪ್ಪತ್ತು ದಿನವಾಯಿತು. ಹೆಂಗಸರ ಅಳತೆ ಆ ಒಂದೇ ಬಣ್ಣದಲ್ಲಿ ಬರುವುದಂತೆ, ನೇರಳೆ. ಅದನ್ನು ನೋಡಿ ಚಿಕ್ಕತಿಮ್ಮಪ್ಪ ಬಹಳ ದಿನದ ಮೇಲೆ ನಕ್ಕರು ಎಂದು ಜುಂಜಮ್ಮ ನೆನೆಯುತ್ತಾರೆ. ಅವರು ಕೊಂಡ ಒಂಬತ್ತನೆಯ ಜೊತೆ ಅದು.

ಈಗ ಹಾಲು ಹಾಕುವವರು, ಪೇಪರಿನವರು, ಗಾಳಿಯಂತ್ರ ಕಾಯಲು ಬೆಳಗಿನ ಜಾವ ಗುಡ್ಡ ಹತ್ತುವವರು ಗ್ಲೌಸು ಕೊಳ್ಳುವ ಮೊದಲು ಜುಂಜಮ್ಮನನ್ನು ಕೇಳುತ್ತಾರೆ. ಬಿಗಿಯಾದದ್ದು ಕೊಳ್ಳಬೇಡಿ, ಬಿಗಿಯಾದರೆ ರಕ್ತ ಆಡದೆ ಇನ್ನೂ ಬೇಗ ಮರಗಟ್ಟುತ್ತದೆ ಎಂದು ಅವರು ಹೇಳಿ ಕಳಿಸುತ್ತಾರೆ. ಒಲೆಯ ಮೇಲೆ ಒಣಗಿಸಬೇಡಿ, ನೀರು ತಡೆಯುವ ಪದರ ಹಾಳಾಗುತ್ತದೆ ಎಂದೂ ಹೇಳುತ್ತಾರೆ. ಯಾರಾದರೂ ಅವರನ್ನು ಹೊಗಳಲು ಹೋದರೆ ಮುಖ ಸಪ್ಪಗಾಗುತ್ತದೆ. ಗ್ಲೌಸು ಕೊಂಡದ್ದನ್ನು ಸಾಧನೆ ಎನ್ನುವುದು ಅವರಿಗೆ ಮುಜುಗರ.

ಮಾಡದಕೆರೆ ಕಡೆಯ ಇವತ್ತಿನ ಮೊದಲ ಹಟ್ಟಿಯಲ್ಲಿ ಎಂಬತ್ತನಾಲ್ಕು ಕುರಿ ಮುಗಿಯುವಾಗ ಎಂಟು ಗಂಟೆ ದಾಟಿದೆ. ಕೆಲಸದುದ್ದಕ್ಕೂ ಗ್ಲೌಸು ರೈನ್‌ಕೋಟಿನ ಒಳಗೆ, ಹೊಟ್ಟೆಯ ಶಾಖದಲ್ಲಿತ್ತು. ಜುಂಜಮ್ಮ ಕೈ ತೊಳೆದು, ಬೆರಳ ಸಂದಿಗಳನ್ನೂ ಬಟ್ಟೆಯಿಂದ ಒರೆಸಿಕೊಂಡು ಅದನ್ನು ಹೊರತೆಗೆಯುತ್ತಾರೆ. ಎರಡು ಮಳೆಗಾಲ ಕಂಡ ಬಲಗೈಯದು ಹೆಬ್ಬೆರಳಿನ ಬುಡದ ಹೊಲಿಗೆಯಲ್ಲಿ ಸಣ್ಣಗೆ ಸೋರಲು ತೊಡಗಿದೆ. ಮುಂದಿನ ಸಂತೆಯ ದಿನ ಮತ್ತೆ ಹಿರಿಯೂರಿಗೆ ಹೋಗಬೇಕು, ಮತ್ತೆ ಬಕೆಟ್ ಮುಂದೆ ಕೂರಬೇಕು ಎನ್ನುತ್ತ ಅವರು ಕುರಿಯವರು ಕೊಟ್ಟ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿಕೊಳ್ಳುತ್ತಾರೆ. ಕುಡಿಯುವುದಿಲ್ಲ, ಸುಮ್ಮನೆ ಹಿಡಿದಿರುತ್ತಾರೆ. ಬೆನ್ನು ನೋಯುತ್ತದೆ, ಮೊಣಕಾಲು ಹಿಡಿಯುತ್ತದೆ, ಇನ್ನೂ ಎರಡು ಮಂದೆ ಇವೆ.

ನಿಮಗೇನು ಬೇಕು ಎಂದು ಅವರನ್ನು ಯಾರೂ ಕೇಳಿದಂತಿಲ್ಲ. ಈಗ ಕೇಳಿದಾಗ ಮಳೆಯ ಕಡೆ ನೋಡಿ ಲೋಟವನ್ನು ಕೆಳಗಿಡುತ್ತಾರೆ.

“ಒಂದಿನ ಹಿಂಗೇ ಮಳೆ ಹುಯ್ತಾ ಇರ್ಬೇಕು. ನಾನು ಹೊತ್ತೇರೋ ತನ್ಕ ಕಂಬಳಿ ಹೊದ್ದು ಮಲಗಿರ್ಬೇಕು” ಎನ್ನುತ್ತಾರೆ ಜುಂಜಮ್ಮ. ಅಷ್ಟನ್ನೇ ಕೇಳಿದರೆ ತಪ್ಪಾದೀತೇನೋ ಎನ್ನುವಂತೆ ಸೇರಿಸುತ್ತಾರೆ. “ಆದ್ರೆ ಅವತ್ತು ಯಾವ ಹಟ್ಟಿಯಾಗೂ ಒಂದು ಕುರೀನೂ ಮೇವು ಬಿಟ್ಟಿರಬಾರ್ದು.”